ಮೈ ತುಂಬಿಕೊಂಡವಳು

ಎರಡೂಕಾಲು ಅಳತೆಯ ಬಳೆ ಸರಸಳ ಹೆಬ್ಬೆರಳಿನ ಬುಡದಲ್ಲೇ ಸಿಕ್ಕಿಕೊಂಡಿತು. ಪಾಣೆಮಂಗಳೂರಿನ ಬಳೆಯಂಗಡಿಯ ಜುಲೈಕಾ ಸಾಬೂನು ಹಚ್ಚಿದಳು, ಕೈ ಹಿಂಡಿದಳು. ಊಹೂಂ, ಒಳಗೆ ಹೋಗಲಿಲ್ಲ.

"ಮದುವೆಗೆ ಇದೇ ಅಳತೆ ಸಡಿಲ ಆಗಿತ್ತು ಮಾರಾಯ್ತಿ!" ಅತ್ತೆ ಪ್ರೇಮಾವತಿ ನಕ್ಕರು. "ನಮ್ಮ ಮನೆಯ ಊಟ ಹೇಗೆ ಹಿಡಿದಿದೆ ನೋಡು."

ಸರಸಳಿಗೂ ಹಿಗ್ಗೇ. ಹುಟ್ಟಿದಂದಿನಿಂದ ಅವಳನ್ನು ಕಡ್ಡಿ, ಹಂಚಿಕಡ್ಡಿ ಎಂದು ಕರೆಯದವರಿಲ್ಲ. ನೋಡಲು ಬಂದ ಮೂರು ಗಂಡುಗಳು ಅದೇ ಕಾರಣಕ್ಕೆ ಎದ್ದು ಹೋಗಿದ್ದರು. ಈಗ, ಬಸಿರಿನ ಏಳನೆಯ ತಿಂಗಳಲ್ಲಿ, ಕೊನೆಗೂ ಕೆನ್ನೆ ತುಂಬಿತ್ತು. ಆದಿತ್ಯವಾರ ಬಯಕೆ ಶಾಸ್ತ್ರ. ಹೂ ಮುಡಿಸಿ ಫೋಟೋ ತೆಗೆಸಿ ದುಬೈಯಲ್ಲಿರುವ ಗಂಡನಿಗೆ ಕಳಿಸುವುದೆಂದು ಮಾತಾಗಿತ್ತು.

ಜುಲೈಕಾ ಮಾತ್ರ ನಗಲಿಲ್ಲ. ಸರಸಳ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಬಿದ್ದ ಗುಳಿ ಹಾಗೆಯೇ ಉಳಿಯಿತು.

"ಪ್ರೇಮಕ್ಕ, ಇದು ಮಾಂಸ ಅಲ್ಲ, ನೀರು. ತಲೆನೋವು ಉಂಟಾ ಮಗಳೇ? ಕಣ್ಣು ಮಂಜಾಗ್ತದಾ?"

"ಬಿಡ್ತು ಅನ್ನು ಜುಲೈಕಾ! ಬಳೆ ಇಡು ಅಂದರೆ ಡಾಕ್ಟರಿಕೆ ಮಾಡ್ತೀಯಲ್ಲ."

"ನನ್ನ ತಂಗಿಗೂ ಎಲ್ಲರೂ ಚಂದ ಆಗಿದ್ದಾಳೆ ಅಂತಲೇ ಹೇಳಿದ್ರು. ಎಂಟನೇ ತಿಂಗಳಿಗೆ ಮಣ್ಣು ಮಾಡಿದೆವು. ಇವತ್ತೇ ಆಸ್ಪತ್ರೆಗೆ ತೋರಿಸಿ ಅಕ್ಕ."

ಪ್ರೇಮಾವತಿ ಬೆದರಿ ಸೊಸೆಯ ಕಡೆ ತಿರುಗಿದರು. "ತಲೆನೋವು ಉಂಟಾ ಸರಸ? ಸತ್ಯ ಹೇಳು. ಈಗಲೇ ಬಂಟ್ವಾಳಕ್ಕೆ ಬಸ್ಸು ಹತ್ತುವ."

ಮೂರು ದಿನದಿಂದ ತಲೆ ಸಿಡಿಯುತ್ತಿತ್ತು. ಸರಸ ಅಂಗಡಿಯ ಕನ್ನಡಿಯಲ್ಲಿ ತನ್ನ ದುಂಡು ಮುಖ ನೋಡಿಕೊಂಡಳು. ಆಸ್ಪತ್ರೆಗೆ ಹೋದರೆ ಮದ್ದು ಕೊಟ್ಟು ನೀರು ಇಳಿಸುತ್ತಾರೆ. ಫೋಟೋದಲ್ಲಿ ಮತ್ತೆ ಅದೇ ಕಡ್ಡಿ. ಗಂಡ ಒಮ್ಮೆಯಾದರೂ ತನ್ನನ್ನು ಹೀಗೆ ನೋಡಬೇಡವೇ? ಹೆದರಿಕೆಗಿಂತ ಆ ಆಸೆಯೇ ದೊಡ್ಡದಾಯಿತು.

"ಎಂಥದ್ದೂ ಇಲ್ಲ ಮಾಮಿ," ಎಂದಳು. "ಎರಡೂವರೆಯದ್ದು ಹಾಕಲಿ."

ಆದಿತ್ಯವಾರ ಸುಡುಮಧ್ಯಾಹ್ನ ಅಂಗಳದಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಹಸಿರು ಸೀರೆ, ತಲೆ ತುಂಬ ಮಲ್ಲಿಗೆ. ಎಷ್ಟು ಚಂದ ಆಗಿದ್ದಾಳೆ ಎಂದು ಬಂದವರೆಲ್ಲ ಹೇಳಿದ್ದೇ ಹೇಳಿದ್ದು. ಫೋಟೋದವನು ಎರಡು ಮಾರು ದೂರದಲ್ಲಿ, ಅವಳ ಎದುರಿಗೇ ಕ್ಯಾಮೆರಾ ಹಿಡಿದು ನಿಂತ.

"ನನ್ನನ್ನೇ ನೋಡಿ. ಸ್ವಲ್ಪ ನಗಿ."

ಸರಸ ಕೆನ್ನೆ ತುಂಬ ನಕ್ಕಳು. ನಗುತ್ತಲೇ ಮುಖವನ್ನು ಆಚೆ ಈಚೆ ತಿರುಗಿಸಿದಳು.

"ನೀವು ಎಲ್ಲಿ ನಿಂತಿದ್ದೀರಿ?" ಎಂದು ಕೇಳಿದಳು.