ಫ್ರಿಜ್ಜಿನ ಷಡ್ಜ

ತಂಬೂರಿ ಮಾಡಲು ಬೇಕಾದ ಸೋರೆಕಾಯಿ ಬೆಳೆಯುವುದು ನಿಂತು ನಲವತ್ತು ವರ್ಷವಾಗಿದ್ದರಿಂದ ಸಂಗೀತದ ವಿದ್ವತ್ ಪರೀಕ್ಷೆ ಅಡುಗೆಮನೆಯಲ್ಲೇ ನಡೆಯುತ್ತಿತ್ತು; ಶ್ರುತಿ ಕೊಡುತ್ತಿದ್ದುದು ಫ್ರಿಜ್ಜು. ಹಳೆಯ ಫ್ರಿಜ್ಜು ಗುರ್ರೆಂದರೆ ಒಂದೇ ಶ್ರುತಿ, ಇಲ್ಲವೇ ಮೌನ. ಈಗಿನ ಇನ್ವರ್ಟರ್ ಫ್ರಿಜ್ಜಿನ ಮೋಟಾರು ನಿಲ್ಲುವುದೇ ಅಪರೂಪ. ಒಳಗೆ ಸೆಕೆಯಾದರೆ ವೇಗ ಹೆಚ್ಚಿ ಶ್ರುತಿ ಏರುತ್ತದೆ, ತಂಪಾದರೆ ಇಳಿಯುತ್ತದೆ. ಹಾಗಾಗಿ ಪರೀಕ್ಷೆಯ ದಿನ ಮನೆಯವರು ಯಾರೂ ಅದರ ಬಾಗಿಲು ಮುಟ್ಟುವಂತಿಲ್ಲ.

ಎರಡು ಸಲ ಫೇಲಾಗಿದ್ದ ಶಶಿಕಲಾ ಕಣ್ಣು ಮುಚ್ಚಿ ಷಡ್ಜ ಹಿಡಿದಳು. ಪರೀಕ್ಷಕ ಶಾಮಣ್ಣನವರಿಗೆ ಬಾಯಾರಿತು.

"ಮಜ್ಜಿಗೆ ಇದೆಯೇನಮ್ಮ? ಏಳ್ಬೇಡ, ನೀನು ಹಾಡು. ನಾನೇ ತಗೋತೀನಿ."

ಬಾಗಿಲು ತೆರೆದವರು ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತ ನಿಂತೇಬಿಟ್ಟರು. ಸೆಕೆ ಒಳನುಗ್ಗಿತು. ಮೋಟಾರು ಮೆಲ್ಲಗೆ ಒಂದು ಸ್ವರ ಮೇಲೇರಿತು. ಶಶಿಕಲಾಳ ಷಡ್ಜ ಮಾತ್ರ ಕದಲಲಿಲ್ಲ.

"ಶ್ರುತಿ ತಪ್ಪಿಬಿಟ್ಟೆಯಲ್ಲಮ್ಮ!" ಎಂದರು ಶಾಮಣ್ಣ, ತಲೆ ಒಳಗಿಟ್ಟುಕೊಂಡೇ.

ಮೂರನೆಯ ಸಲವೂ ಹೋಯಿತು ಎಂದುಕೊಂಡ ಶಶಿಕಲಾ, ಷಡ್ಜ ಬಿಡದೆ ಹಾಡಿಯೇ ಹೇಳಿದಳು: "ತಪ್ಪಿದ್ದು ನಾನಲ್ಲ ಸಾರ್... ಬಾಗಿಲು ಹಾಕೀ..."

ಶಾಮಣ್ಣ ಮಜ್ಜಿಗೆ ಬಗ್ಗಿಸಿಕೊಂಡು ಬಾಗಿಲು ಹಾಕಿದರು. ಅವರ ಲೋಟ ಬರಿದಾಗುವ ಹೊತ್ತಿಗೆ ಮೋಟಾರು ಸೋತವರಂತೆ ಜಾರಿ ಜಾರಿ ಇಳಿದು ಅವಳ ಷಡ್ಜದ ಪಕ್ಕ ಬಂದು ಕೂತಿತು.

"ನೀನು ಪಾಸಮ್ಮ," ಎಂದು ಅವರು ಮೀಸೆ ಒರೆಸಿಕೊಂಡರು. "ಫ್ರಿಜ್ಜಿಗೆ ಇನ್ನೊಂದು ವರ್ಷ ಅಭ್ಯಾಸ ಬೇಕು."