ನೀಲವ್ವನ ಪಾಲಿನ ಶೀಶೆ

"ಇನ್ನೊಮ್ಮೆ ನೋಡು ಯಕ್ಕಾ," ಎನ್ನುತ್ತ ಪ್ರಮೀಳಾ ಧಾರಾವಾಹಿಯ ಕೊನೆಯ ಕಂತನ್ನು ಮತ್ತೆ ಹಚ್ಚಿ, ಅಕ್ಕನ ಕೆನ್ನೆಗೆ ಗಾಜಿನ ಶೀಶೆ ಒತ್ತಿ ಹಿಡಿದಳು.

ಟೀವಿಯಲ್ಲಿ ತಾಯಿಯೊಬ್ಬಳು ಸಂಪಿನ ಮುಚ್ಚಳ ತೆರೆದಿಟ್ಟು ಫೋನಿನಲ್ಲಿ ಹರಟುತ್ತಿದ್ದಳು. ಕೂಸು ಅಂಬೆಗಾಲಿಡುತ್ತ ಅತ್ತ ಹೊರಟಿತ್ತು. ಈ ದೃಶ್ಯಕ್ಕೆ ಹುಬ್ಬಳ್ಳಿಯೊಂದರಲ್ಲೇ ನಾಲ್ಕು ಕೊಡ ಕಣ್ಣೀರು ಬಂದಿತ್ತು. ಹಾಲಿನ ಗಾಡಿಯ ಹಿಂದೆಯೇ ಬರುವ ವಾಹಿನಿಯ ಗಾಡಿ ಅದನ್ನು ಮನೆಮನೆಯಿಂದ ತುಂಬಿಸಿಕೊಂಡು ಹೋಗಿತ್ತು. ಅತಿ ಹೆಚ್ಚು ಅಳಿಸಿದ ಧಾರಾವಾಹಿಗೇ ವರ್ಷದ ಪ್ರಶಸ್ತಿ. ಆದರೆ ಕತೆ ನಿಜವಾಗಿದ್ದರೆ, ಅದನ್ನು ಅನುಭವಿಸಿದವರದೂ ಒಂದು ಶೀಶೆ ಕಣ್ಣೀರು ಬೇಕೇ ಬೇಕು.

ನೀಲವ್ವ ಇನ್ನೂರು ಕಂತುಗಳನ್ನೂ ಒಣಗಣ್ಣಿನಲ್ಲಿ ನೋಡಿದ್ದಳು. ನಿಜದಲ್ಲಿ ಸಂಪಿಗೆ ಬಿದ್ದು ಸತ್ತ ಕೂಸು ಅವಳದು. ಅಂದು ಮುಚ್ಚಳ ತೆರೆದಿಟ್ಟು ಫೋನು ಹಿಡಿದಿದ್ದವಳು ತಂಗಿ. ಧಾರಾವಾಹಿ ಬರೆದವಳೂ ತಂಗಿಯೇ; ತಪ್ಪನ್ನು ಮಾತ್ರ ತಾಯಿಯ ಮೇಲೆ ಹಾಕಿದ್ದಳು. ಈಗ ನಲ್ಲಿಯ ಹತ್ತಿರ ಓಣಿಯ ಹೆಂಗಸರು ನೀಲವ್ವನಿಗೆ ಛೀ ಥೂ ಅನ್ನುತ್ತಿದ್ದರು.

"ಶೀಶೆ ಕೊಡಾಕ ನಾಳಿಗೆ ಕಡೀ ದಿನ ಐತಿ. ಕೈ ಮುಗೀತೀನಿ."

"ಬರಿಯೂ ಮುಂದ ಅಕ್ಕನ ನೆನಪಾಗಲಿಲ್ಲೇನು?"

ಪ್ರಮೀಳಾಳ ದನಿ ಇಳಿಯಿತು. "ಪ್ರಶಸ್ತಿ ಬಂದ್ರ ವೇದಿಕಿ ಮ್ಯಾಲ ಎಲ್ಲಾರ ಮುಂದ ಹೇಳ್ತೀನಿ, ಮುಚ್ಚಳಾ ತಗದಾಕಿ ನಾನೇ ಅಂತ. ನಿನ್ನ ಮ್ಯಾಲಿನ ಮಾತು ಹೋಗತೈತಿ. ಒಮ್ಮೆ ಅಳು, ಸಾಕು."

ನೀಲವ್ವ ಟೀವಿ ಆರಿಸಿದಳು.

"ನಾ ಅಳಾಂಗಿಲ್ಲ."