ಜರಡಿಯಲ್ಲಿ ಉಳಿದ ಅತ್ತೆ

ಮಗಳು ಸಂಪದಾಳ ಎರಡನೇ ಜಡೆ ಅರ್ಧ ಹೆಣೆದಿದ್ದೆ, ಅಷ್ಟರಲ್ಲಿ ಕ್ವಾಂಟಮ್ ಜರಡಿಯ ನರ್ಸ್ ಬಂದಳು. ಇನ್ನೂ ನೆಲೆಗೊಳ್ಳದ ಮಕ್ಕಳ ಮನಸ್ಸನ್ನು ತಿಂಗಳಿಗೊಮ್ಮೆ ಸೋಸಲೇಬೇಕು. ದಿನನಿತ್ಯದ ಸಣ್ಣ ನೆನಪುಗಳೆಲ್ಲ ಉದುರಿ, ದೊಡ್ಡವು ಮಾತ್ರ ಉಳಿಯುತ್ತವೆ.

ಆಕೆ ಸಂಪದಾಳ ಹಣೆಗೆ ಪಟ್ಟಿ ಕಟ್ಟುವಾಗ ಮೆಲ್ಲಗೆ ಕೇಳಿದೆ, "ಈ ಸಲ ಸಣ್ಣ ಕಣ್ಣಿನ ಜರಡಿ ಹಾಕ್ರಿ, ಸಣ್ಣ ನೆನಪೂ ಉಳೀಲಿ."

"ಆರು ವರ್ಷದವರಿಗೆ ಒಂದ ಅಳತಿ ರೀ, ಅಕ್ಕಾರ," ಎಂದು ನಕ್ಕಳು. "ಎಲ್ಲಾ ಅವ್ವಂದಿರೂ ಇದನ್ನ ಕೇಳ್ತಾರ."

ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಹೋದಳು. ನಾನು ಮತ್ತೆ ಜಡೆ ಹಿಡಿದೆ.

"ಕಸ್ತೂರಿ ಅತ್ತಿ ಎಷ್ಟ ಚಂದ ಜಡಿ ಹಾಕ್ತಾಳ! ಮಲ್ಲಿಗಿನೂ ಮುಡಿಸಿದ್ಲು," ಎಂದಳು ಸಂಪದಾ.

ದಿನಾ ಜಡೆ ಹಾಕುವವಳು ನಾನು. ನನ್ನ ನಾದಿನಿ ಕಸ್ತೂರಿ ಇವಳಿಗೆ ಹಾಕಿದ್ದು ಒಂದೇ ಒಂದು ಸಲ, ಹೋದ ವರ್ಷ ಒಂದು ಮದುವೆಯಲ್ಲಿ. ಪಾಪ, ಅವಳದೇನೂ ತಪ್ಪಿಲ್ಲ. ಆದರೂ ಜಡೆಯನ್ನು ಬಿಗಿಯಾಗಿ ಎಳೆದೆ.

"ಅವ್ವಾ, ನೋಯ್ತದ!"

ಸಡಿಲ ಬಿಟ್ಟು ನೆತ್ತಿ ಸವರಿದೆ. "ಕಸ್ತೂರಿ ಹಾಕಿದ್ದು ನೋಯ್ಲಿಲ್ಲೇನು?" ಎಂದು ಕೇಳಿಯೇಬಿಟ್ಟೆ.

ಅವಳು ಕನ್ನಡಿಯಲ್ಲಿ ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಕೇಳಿದಳು.

"ಇವತ್ತ ನೀ ಹಾಕಾಕತ್ತಿ. ಬ್ಯಾರೆ ದಿನ ನನಗ ಜಡಿ ಯಾರು ಹಾಕ್ತಾರವ್ವಾ?"